ಗಡಿಯವರ ನಾಡಿನಲ್ಲಿ ಸಿಕ್ಕ ಎರಡು ಬೆಳ್ಳಿ ಚೂರು

ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು. ಆರು ವರ್ಷಗಳಿಂದ ಇಂಗ್ಲೆಂಡಿನ ಲಿಚ್‌ಫೀಲ್ಡ್ ಸಮೀಪ ನೆಲೆಸಿದ್ದೇವೆ. ಇಲ್ಲಿ ‘ಮರ್ಸಿಯಾ’ ಎಂಬ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ಸ್ವಲ್ಪ ಪಶ್ಚಿಮಕ್ಕೆ ಹೋದರೆ ಪೊಲೀಸ್ ವಾಹನಗಳ ಮೇಲೂ ಕಾಣುತ್ತದೆ, ನಕ್ಷೆಯಲ್ಲಿ ಮಾತ್ರ ಎಲ್ಲೂ ಇಲ್ಲ. ಹತ್ತು ವರ್ಷದ ಮಗನಿಗೆ ಶಾಲೆಯಲ್ಲಿ ಆಂಗ್ಲೋ-ಸ್ಯಾಕ್ಸನ್ನರ ಪಾಠ ನಡೆಯುತ್ತಿದೆ. ಹೊರಗಿನಿಂದ ಬಂದವರು ಇಲ್ಲಿದ್ದವರನ್ನು ಅಳಿಸಿಹಾಕಿದರು, ಕೊನೆಗೆ ವೆಸೆಕ್ಸಿನ ಆಲ್‌ಫ್ರೆಡ್ ದೊರೆ ಇಂಗ್ಲೆಂಡನ್ನು ಕಟ್ಟಿದ ಎಂದು ಅವನು ತಿಳಿದುಕೊಂಡಿದ್ದಾನೆ. ಎಂಟು ದಿನದ ಹಿಂದೆ ಪಕ್ಕದ ಮನೆಯ ಹಿರಿಯರು ತಮ್ಮ ಮೆಟಲ್ ಡಿಟೆಕ್ಟರ್ ತೆಗೆದುಕೊಂಡು ಅವನನ್ನು ಪರಿಚಯದ ರೈತರ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ನಾಲ್ಕು ಹೆಜ್ಜೆ ಅಂತರದಲ್ಲಿ ಎರಡು ಬೆಳ್ಳಿ ಚೂರು ಸಿಕ್ಕವು, ಎರಡೂ ಅರ್ಧ ನಾಣ್ಯದಂತಿವೆ. ಒಂದನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಅಕ್ಷರಗಳು ಕಂಡವು. ನೆಲದಲ್ಲಿ ಸಿಕ್ಕ ನಿಧಿ ಮನೆಗೆ ಒಳ್ಳೆಯದಲ್ಲ, ಸಿಕ್ಕಲ್ಲೇ ಹುಗಿದುಬಿಡಿ ಎಂದು ಅತ್ತೆಯವರು ಫೋನಿನಲ್ಲಿ ಹೇಳುತ್ತಿದ್ದಾರೆ. ಊರಿಗೆ ಬರುವಾಗ ನೆನಪಿಗೆ ತಂದಿಟ್ಟುಕೊಳ್ಳೋಣ ಎನ್ನುವುದು ನಮ್ಮ ಯಜಮಾನರ ಮಾತು. ಇಷ್ಟು ಸಣ್ಣದನ್ನು ಯಾರೂ ಕೇಳುವುದಿಲ್ಲ ಎಂದು ನೆರೆಯವರು ಹೇಳುತ್ತಾರೆ. ನಾವು ಏನು ಮಾಡಬೇಕು? ಮರ್ಸಿಯಾ ಎಂದರೆ ನಿಜಕ್ಕೂ ಏನು?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಚುಟುಕಾಗಿ ಉತ್ತರ ಕಳಿಸಿದ್ದೆ: ತಿಕ್ಕುವುದನ್ನು ಈಗಲೇ ನಿಲ್ಲಿಸಿ, ಹದಿನಾಲ್ಕು ದಿನ ತುಂಬುವುದರೊಳಗೆ ವರದಿ ಮಾಡಿ ಎಂದು. ಹಾಗೆ ಹೇಳಿದ್ದರ ಹಿಂದಿನ ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನೀವು ಎರಡು ಬೇರೆ ಬೇರೆ ಪ್ರಶ್ನೆ ಕೇಳಿದ್ದೀರಿ ಎಂದುಕೊಂಡಿದ್ದೀರಿ. ಮೂವತ್ತು ವರ್ಷ ನಾಣ್ಯಗಳ ಜೊತೆಯಲ್ಲೇ ಕಳೆದ ನನಗೆ ಅವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಮರ್ಸಿಯಾದ ಕಥೆಯನ್ನು ಬರೆದವರು ಬಹುಪಾಲು ಅದರ ಎದುರಾಳಿಗಳು. ಅದು ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು ಉಳಿದಿರುವುದು ಹೆಚ್ಚಾಗಿ ಮಣ್ಣಿನಲ್ಲಿ.

ಮೊದಲು ಹೆಸರನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಮಿಯರ್ಚೆ’ ಎಂದರೆ ಗಡಿಯವರು, ಅದರ ಲ್ಯಾಟಿನ್ ರೂಪವೇ ಮರ್ಸಿಯಾ. ಪಶ್ಚಿಮಕ್ಕೆ ಇಂದಿನ ವೇಲ್ಸಿನಲ್ಲಿ ಮೊದಲಿನಿಂದ ಇದ್ದ ಬ್ರಿಟನ್ ಜನರ ರಾಜ್ಯಗಳು, ಉತ್ತರಕ್ಕೆ ನಾರ್ಥಂಬ್ರಿಯಾ, ದಕ್ಷಿಣಕ್ಕೆ ವೆಸೆಕ್ಸ್, ಪೂರ್ವಕ್ಕೆ ಈಸ್ಟ್ ಆಂಗ್ಲಿಯಾ; ಇವುಗಳ ನಡುವೆ ಟ್ರೆಂಟ್ ನದಿಯ ಬಯಲಿನಲ್ಲಿ ಇವರ ನಾಡು. ಟ್ಯಾಮ್‌ವರ್ತ್ ದೊರೆಗಳು ಬೀಡುಬಿಡುತ್ತಿದ್ದ ಊರು, ರೆಪ್ಟನ್ ಅವರಲ್ಲಿ ಕೆಲವರ ಸಮಾಧಿಸ್ಥಳ, ನಿಮ್ಮ ಲಿಚ್‌ಫೀಲ್ಡ್ 669ರಿಂದ ಬಿಷಪ್ಪರ ಪೀಠ. ಮೂರೂ ನಿಮ್ಮ ಮನೆಯಿಂದ ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ನೀವು ಇರುವುದು ಮರ್ಸಿಯಾದ ನಟ್ಟನಡುವೆ.

ಇನ್ನು ‘ಅಳಿಸಿಹಾಕಿದರು’ ಎಂಬ ಮಾತು. ಐದನೇ ಶತಮಾನದಿಂದಾಚೆಗೆ ಸಮುದ್ರ ದಾಟಿ ದೊಡ್ಡ ಸಂಖ್ಯೆಯಲ್ಲಿ ಜನ ಬಂದದ್ದು ನಿಜ. 2022ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನದ ಪ್ರಕಾರ, ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನ ಆ ಕಾಲದ ಸಮಾಧಿಗಳಲ್ಲಿರುವವರ ವಂಶಮೂಲದಲ್ಲಿ ಸರಾಸರಿ ಶೇ. 76 ಪಾಲು ಉತ್ತರ ಯೂರೋಪಿನ ಕರಾವಳಿಯದು. ಅದೇ ಅಧ್ಯಯನದಲ್ಲಿ ಇಂದಿನ ಇಂಗ್ಲಿಷ್ ಜನರಲ್ಲಿ ಆ ಪಾಲು ಶೇ. 25ರಿಂದ 47. ಅಂದರೆ ಹಳಬರು ಉಳಿದರು, ಬೆರೆತರು, ಆಮೇಲೂ ಬೇರೆ ಬೇರೆ ಕಡೆಯಿಂದ ಜನ ಬಂದು ಸೇರಿದರು. ರಾಜಕೀಯದಲ್ಲಂತೂ ‘ನಮ್ಮವರು, ಅವರು’ ಎಂಬ ಗೆರೆ ಭಾಷೆಯ ಮೇಲೆ ಬಿದ್ದೇ ಇರಲಿಲ್ಲ. ಮರ್ಸಿಯಾವನ್ನು ಎತ್ತಿ ನಿಲ್ಲಿಸಿದ ಪೆಂಡಾ ದೊರೆ 633ರಲ್ಲಿ ನಾರ್ಥಂಬ್ರಿಯಾದ ಎಡ್ವಿನ್‌ನನ್ನು ಸೋಲಿಸಿ ಕೊಂದದ್ದು ವೇಲ್ಸಿನ ಗ್ವಿನೆತ್ ರಾಜ್ಯದ ಕ್ರೈಸ್ತ ದೊರೆ ಕ್ಯಾಡ್‌ವಾಲನ್ ಜೊತೆ ಸೇರಿಕೊಂಡು. 655ರಲ್ಲಿ ಪೆಂಡಾ ಯುದ್ಧದಲ್ಲಿ ಸಾಯುವಾಗಲೂ ಅವನ ಪಕ್ಷದಲ್ಲಿ ಬ್ರಿಟನ್ ಅರಸರಿದ್ದರು.

ಪೆಂಡಾನ ಬಗ್ಗೆ ನಮಗೆ ತಿಳಿದಿರುವುದೆಲ್ಲ ಹೆಚ್ಚುಕಡಿಮೆ ಬೀಡ್ ಎಂಬ ಸನ್ಯಾಸಿಯಿಂದ. ಅವನು ತನ್ನ ಚರಿತ್ರೆಯನ್ನು ಮುಗಿಸಿದ್ದು 731ರಲ್ಲಿ, ಅವನು ನಾರ್ಥಂಬ್ರಿಯಾದವನು. ಅವನ ನಾಡಿನ ಇಬ್ಬರು ದೊರೆಗಳನ್ನು ಕೊಂದವನು ಪೆಂಡಾ. ಐಹೊಳೆಯ ಶಾಸನವೊಂದನ್ನೇ ಓದಿ ಪಲ್ಲವರನ್ನು ಅಳೆದರೆ ಹೇಗೋ ಇದೂ ಹಾಗೆ. ಆದರೂ ಬೀಡ್ ಪ್ರಾಮಾಣಿಕ. ಪೆಂಡಾ ತಾನು ಕ್ರೈಸ್ತನಾಗದಿದ್ದರೂ ತನ್ನ ರಾಜ್ಯದಲ್ಲಿ ಆ ಧರ್ಮದ ಬೋಧನೆಯನ್ನು ತಡೆಯಲಿಲ್ಲ, ದೀಕ್ಷೆ ಪಡೆದೂ ಅದರಂತೆ ನಡೆಯದವರನ್ನು ಮಾತ್ರ ತಿರಸ್ಕರಿಸುತ್ತಿದ್ದ ಎಂದು ಅವನೇ ದಾಖಲಿಸಿದ್ದಾನೆ. ಎದುರಾಳಿಯ ಬಾಯಲ್ಲಿ ಬಂದ ಮಾತಾದ್ದರಿಂದ ನನಗೆ ಇದರ ಮೇಲೆ ಹೆಚ್ಚು ನಂಬಿಕೆ.

ಎಂಟನೇ ಶತಮಾನ ಪೂರ್ತಿ ಮರ್ಸಿಯಾದ್ದು. ಎಥೆಲ್‌ಬಾಲ್ಡ್ 716ರಿಂದ 757ರವರೆಗೆ, ಅವನ ನಂತರ ಆಫಾ 796ರವರೆಗೆ, ಇಬ್ಬರೇ ಸೇರಿ ಎಂಬತ್ತು ವರ್ಷ. ನಮ್ಮಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣ ಎಲ್ಲೋರದ ಕೈಲಾಸವನ್ನು ಕಡೆಸುತ್ತಿದ್ದಾಗ ಅಲ್ಲಿ ಆಫಾ ಬೆಳ್ಳಿಯ ಪೆನ್ನಿ ಹೊಡೆಸುತ್ತಿದ್ದ. ಅಗಲವಾದ, ತೆಳುವಾದ, ತೂಕದಲ್ಲಿ ನಂಬಿಕೆಗೆ ಅರ್ಹವಾದ ನಾಣ್ಯ. ಅವನ ರಾಣಿ ಸಿನೆತ್ರಿತ್ ಹೆಸರಿನಲ್ಲೂ ನಾಣ್ಯಗಳಿವೆ. ಆಂಗ್ಲೋ-ಸ್ಯಾಕ್ಸನ್ ರಾಣಿಯರಲ್ಲಿ ಈ ಗೌರವ ಅವಳೊಬ್ಬಳಿಗೇ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಫಾನ ಒಂದು ಚಿನ್ನದ ನಾಣ್ಯವಿದೆ. ಅದು ಬಾಗ್ದಾದಿನ ಖಲೀಫ ಅಲ್-ಮನ್ಸೂರನ ದಿನಾರಿನ ನಕಲು. ಅರಬ್ಬಿ ಅಕ್ಷರಗಳ ನಡುವೆ ‘ಆಫಾ ರೆಕ್ಸ್’, ಅಂದರೆ ‘ದೊರೆ ಆಫಾ’ ಎಂದಿದೆ, ಅದೂ ಅರಬ್ಬಿ ಬರಹಕ್ಕೆ ತಲೆಕೆಳಗಾಗಿ. ಅಚ್ಚು ಕೆತ್ತಿದ ಅಕ್ಕಸಾಲಿಗನಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ. ಆದರೆ ದೂರದ ನಾಡಿನ ಚಿನ್ನಕ್ಕೆ ಯಾವ ಮುಖ ಇದ್ದರೆ ಜನ ನಂಬುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅವನ ಅಜ್ಞಾನ, ಜಾಣತನ ಎರಡೂ ಆ ಒಂದು ನಾಣ್ಯದಲ್ಲಿ ಉಳಿದುಕೊಂಡಿವೆ.

ವೇಲ್ಸ್ ಗಡಿಯುದ್ದಕ್ಕೂ ಹಬ್ಬಿರುವ ಮಣ್ಣಿನ ದಿಬ್ಬ ಮತ್ತು ಕಂದಕಕ್ಕೆ ‘ಆಫಾನ ದಿಬ್ಬ’ ಎಂದು ಹೆಸರಿದೆ. ಅವನು ಅದನ್ನು ಸಮುದ್ರದಿಂದ ಸಮುದ್ರಕ್ಕೆ ಕಟ್ಟಿಸಿದ ಎಂಬ ಮಾತು ನೂರು ವರ್ಷದ ನಂತರ ಆಲ್‌ಫ್ರೆಡ್‌ನ ಆಸ್ಥಾನದಲ್ಲಿದ್ದ ಆಸರ್ ಬರೆದದ್ದು. ಖಚಿತವಾಗಿ ಗುರುತಾಗುವ ದಿಬ್ಬ ಅದಕ್ಕಿಂತ ಗಿಡ್ಡ. ಚರ್ಕ್ ಬಳಿ ತೆಗೆದ ಮಣ್ಣಿನ ಮಾದರಿಗಳು ಅಲ್ಲಿನ ಭಾಗವಾದರೂ ಆಫಾನಿಗಿಂತ ಹಿಂದಿನದಿರಬಹುದು ಎನ್ನುತ್ತವೆ. ಮಗನ ಜೊತೆ ಆ ದಾರಿಯಲ್ಲಿ ನಡೆಯಿರಿ, ನಡಿಗೆದಾರರಿಗಾಗಿ 285 ಕಿ.ಮೀ. ಉದ್ದದ ಹಾದಿಯೇ ಇದೆ. ಒಬ್ಬನೇ ದೊರೆ ಒಂದೇ ಕಾಲದಲ್ಲಿ ಕಟ್ಟಿಸಿದ ಎಂದು ಮಾತ್ರ ಖಚಿತವಾಗಿ ಹೇಳಬೇಡಿ.

ಈಗ ಆಲ್‌ಫ್ರೆಡ್‌ನ ಮಾತಿಗೆ ಬರೋಣ. ಅವನು ದೊಡ್ಡವನೇ, ಅದರಲ್ಲಿ ಎರಡು ಮಾತಿಲ್ಲ. 825ರಲ್ಲಿ ವೆಸೆಕ್ಸ್ ಕೈಯಲ್ಲಿ ಸೋತು ಮರ್ಸಿಯಾ ಕುಗ್ಗಿತ್ತು. 873ರ ಚಳಿಗಾಲದಲ್ಲಿ ಸ್ಕ್ಯಾಂಡಿನೇವಿಯಾ ಕಡೆಯ ದಾಳಿಕೋರರಾದ ವೈಕಿಂಗರ ಸೇನೆ ದೊರೆಗಳ ಸಮಾಧಿಯಿದ್ದ ರೆಪ್ಟನ್ನಿನಲ್ಲೇ ಠಾಣ್ಯ ಹೂಡಿತು. ದೊರೆ ಬರ್‌ಗ್ರೆಡ್ ರೋಮಿಗೆ ಹೊರಟುಹೋದ. ಅವನ ಜಾಗಕ್ಕೆ ಬಂದ ಎರಡನೇ ಚಿಯೋಲ್‌ವುಲ್ಫ್‌ನನ್ನು ವೆಸೆಕ್ಸಿನ ನೆರಳಿನಲ್ಲಿ ಬರೆದ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ‘ಅವಿವೇಕಿಯಾದ ಒಬ್ಬ ರಾಜಸೇವಕ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿತು. ಅಂದರೆ ವೈಕಿಂಗರ ಕೈಗೊಂಬೆ. ಪಠ್ಯಪುಸ್ತಕಗಳು ತಲೆಮಾರುಗಳ ಕಾಲ ಇದನ್ನೇ ಹೇಳಿದವು.

ಆದರೆ ನಾಣ್ಯಗಳು ಬೇರೆ ಮಾತು ಹೇಳುತ್ತಿದ್ದವು. ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತಿರುವ, ಮೇಲೆ ವಿಜಯದೇವತೆ ರೆಕ್ಕೆ ಬಿಚ್ಚಿ ನಿಂತಿರುವ ಒಂದು ಬಗೆಯ ಪೆನ್ನಿ ಇದೆ, ಹಳೆಯ ರೋಮನ್ ಚಿನ್ನದ ನಾಣ್ಯದ ಮಾದರಿಯದು. 2015ಕ್ಕೆ ಮುಂಚೆ ಇಡೀ ಜಗತ್ತಿನಲ್ಲಿ ಅಂಥವು ಎರಡೇ ಗೊತ್ತಿದ್ದವು. ಒಂದು ಆಲ್‌ಫ್ರೆಡ್ ಹೆಸರಿನದು, ಇನ್ನೊಂದು ಚಿಯೋಲ್‌ವುಲ್ಫ್ ಹೆಸರಿನದು. ಎರಡೇ ನಾಣ್ಯದ ಮೇಲೆ ಯಾರು ತೀರ್ಪು ಕೊಟ್ಟಾರು? ಆ ವರ್ಷದ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಬಳಿ ಮೆಟಲ್ ಡಿಟೆಕ್ಟರ್ ಹಿಡಿದಿದ್ದವರೊಬ್ಬರಿಗೆ ಸುಮಾರು 200 ನಾಣ್ಯಗಳ ಗಂಟು ಸಿಕ್ಕಿತು. ಅವರು ಮುಂದೆ ಅಗೆಯದೆ ಅಧಿಕಾರಿಗೆ ತಿಳಿಸಿದರು, ಮಣ್ಣಿನ ಹೆಂಟೆಯನ್ನು ಹಾಗೇ ಎತ್ತಿ ಪ್ರಯೋಗಾಲಯಕ್ಕೆ ಒಯ್ದರು. ಅದರಲ್ಲಿ ಈ ಬಗೆಯ ನಾಣ್ಯಗಳೇ 13 ಇದ್ದವು. ಇಬ್ಬರು ದೊರೆಗಳೂ ಒಂದೇ ಅಚ್ಚಿನ ಮಾದರಿ, ಒಂದೇ ಮಟ್ಟದ ಬೆಳ್ಳಿ ಬಳಸಿ ಒಟ್ಟಾಗಿ ನಾಣ್ಯ ಹೊಡೆಸಿದ್ದರು. ನಾಣ್ಯ ಹೊಡೆಯುವ ಕಮ್ಮಟವನ್ನು ಹಂಚಿಕೊಂಡವರು ಶತ್ರುಗಳಲ್ಲ, ಮಿತ್ರರು. ಆಮೇಲೆ ಮರ್ಸಿಯಾ ವೆಸೆಕ್ಸಿನ ಕೈಕೆಳಗೆ ಬಂತು, ಹಳೆಯ ಜೊತೆಗಾರನನ್ನು ಅವಿವೇಕಿ ಎಂದು ಬರೆದುಬಿಟ್ಟರು. ಒಬ್ಬ ದೊರೆಯ ಮರ್ಯಾದೆ ಸಾವಿರದ ನೂರಕ್ಕೂ ಹೆಚ್ಚು ವರ್ಷದ ನಂತರ ಉಳುಮೆಯ ಹೊಲದಿಂದ ಎದ್ದು ಬಂದದ್ದನ್ನು ನನ್ನ ವೃತ್ತಿಜೀವನದಲ್ಲೇ ಕಂಡೆ ಎಂಬ ಸಂತೋಷ ನನಗೆ ಈಗಲೂ ಇದೆ. 2017ರಲ್ಲಿ ಆ ನಿಧಿಯನ್ನು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯ 13.5 ಲಕ್ಷ ಪೌಂಡಿಗೆ ಕೊಂಡುಕೊಂಡಿತು.

ಅದೇ 2015ರ ಬೇಸಿಗೆಯಲ್ಲಿ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಬಳಿಯೂ ಅಂಥದೇ ನಿಧಿ ಸಿಕ್ಕಿತ್ತು, ಅದೂ ಹಳೆಯ ಮರ್ಸಿಯಾದ ನೆಲವೇ. ಸಿಕ್ಕವರು ಹೇಳಲಿಲ್ಲ. ಸುಮಾರು 300 ನಾಣ್ಯಗಳಿದ್ದಿರಬೇಕು ಎಂದು ಅಂದಾಜು. ಕೈಗೆ ಮರಳಿ ಬಂದದ್ದು ಸಣ್ಣ ಪಾಲು ಮಾತ್ರ. ಉಳಿದವು ಕಳ್ಳಸಂತೆಯಲ್ಲಿ ಚದುರಿಹೋದವು. 2019ರಲ್ಲಿ ಸಿಕ್ಕವರಿಬ್ಬರೂ ಜೈಲು ಸೇರಿದರು. ಆದರೆ ಆ ನಾಣ್ಯಗಳು ಒಟ್ಟಿಗೆ ಇದ್ದಾಗ ಹೇಳಬಹುದಾಗಿದ್ದ ಮಾತು ಇನ್ನು ಯಾರಿಗೂ ಕೇಳಿಸುವುದಿಲ್ಲ.

ಇಂಗ್ಲೆಂಡನ್ನು ಕಟ್ಟಿದವರ ಹೆಸರು ಹೇಳುವಾಗ ನಿಮ್ಮ ಮಗ ಎಥೆಲ್‌ಫ್ಲೆಡ್ ಹೆಸರನ್ನೂ ಸೇರಿಸಲಿ. ಆಲ್‌ಫ್ರೆಡ್‌ನ ಮಗಳು, ಮರ್ಸಿಯಾದ ಒಡೆಯ ಎಥೆಲ್‌ರೆಡ್‌ನ ಹೆಂಡತಿ. ಗಂಡ 911ರಲ್ಲಿ ತೀರಿಕೊಂಡ ಮೇಲೆ ಏಳು ವರ್ಷ ತಾನೇ ಆಳಿದಳು, ಕೋಟೆಗಳ ಸಾಲನ್ನೇ ಕಟ್ಟಿಸಿದಳು, 917ರಲ್ಲಿ ಡರ್ಬಿ, ಮರುವರ್ಷ ಲೆಸ್ಟರ್ ಗೆದ್ದಳು. 918ರ ಜೂನ್ 12ರಂದು ಟ್ಯಾಮ್‌ವರ್ತಿನಲ್ಲಿ ಸತ್ತಳು. ವೆಸೆಕ್ಸಿನ ಮುಖ್ಯ ವೃತ್ತಾಂತದಲ್ಲಿ ಅವಳ ಈ ಗೆಲುವುಗಳಿಗೆ ಜಾಗ ಸಿಗಲಿಲ್ಲ. ಮರ್ಸಿಯಾದವರು ಬರೆದಿಟ್ಟ ಒಂದು ಸಣ್ಣ ದಾಖಲೆ ಕೆಲವು ಪ್ರತಿಗಳಲ್ಲಿ ಸೇರಿಕೊಂಡು ಉಳಿದದ್ದರಿಂದ ನಮಗೆ ಗೊತ್ತು. ಅವಳ ಮಗಳು ಎಲ್ಫ್‌ವಿನ್ ಕೈಯಿಂದ ಅಧಿಕಾರ ಕಿತ್ತುಕೊಂಡು ಅವಳನ್ನು ವೆಸೆಕ್ಸಿಗೆ ಕರೆದೊಯ್ದ ಸಂಗತಿಯೂ ಅದರಲ್ಲೇ ಇದೆ. 927ರಲ್ಲಿ ಇಡೀ ಇಂಗ್ಲೆಂಡಿಗೆ ದೊರೆಯಾದ ಎಥೆಲ್‌ಸ್ಟನ್ ಎಥೆಲ್‌ಫ್ಲೆಡ್‌ಗೆ ತಮ್ಮನ ಮಗ. ಅವನನ್ನು ಮೊದಲು ದೊರೆಯೆಂದು ಒಪ್ಪಿದವರು ಮರ್ಸಿಯಾದ ಜನ.

ಹಾಗಾದರೆ ನಕ್ಷೆಯಿಂದ ಅಳಿಸಿದವರು ಯಾರು? ಹತ್ತನೇ ಶತಮಾನದಲ್ಲಿ ವೆಸೆಕ್ಸಿನ ಮಾದರಿಯಲ್ಲಿ ಶೈರುಗಳನ್ನು, ಅಂದರೆ ಜಿಲ್ಲೆಗಳನ್ನು ಮಾಡುವಾಗ ಹಳೆಯ ನಾಡಿನ ಗೆರೆಗಳನ್ನು ನೋಡಲೇ ಇಲ್ಲ. ಟ್ಯಾಮ್‌ವರ್ತ್ ಪಟ್ಟಣದ ನಡುವೆಯೇ ಸ್ಟಾಫರ್ಡ್‌ಶೈರ್ ಮತ್ತು ವಾರ್ವಿಕ್‌ಶೈರಿನ ಗಡಿ ಹಾಯ್ದಿತು. ಊರಿನ ಎರಡು ಪಾಲು ಮತ್ತೆ ಒಂದೇ ಜಿಲ್ಲೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಇಂದು ಆ ನೆಲ ವೆಸ್ಟ್ ಮಿಡ್‌ಲ್ಯಾಂಡ್ಸ್, ಈಸ್ಟ್ ಮಿಡ್‌ಲ್ಯಾಂಡ್ಸ್ ಎಂದು ದಿಕ್ಕಿನ ಹೆಸರಿನಿಂದ ಕರೆಸಿಕೊಳ್ಳುತ್ತದೆ. ಪೊಲೀಸ್ ವಾಹನದ ಮೇಲಿನ ಹೆಸರು 1967ರದು, ಮರ್ಸಿಯನ್ ರೆಜಿಮೆಂಟ್ 2007ರದು. ಹೆಸರು ಸತತವಾಗಿ ಉಳಿದು ಬಂದದ್ದಲ್ಲ, ಜನ ಮತ್ತೆ ಬೇಕೆಂದು ಕರೆದುಕೊಂಡದ್ದು.

ಇನ್ನು ನಿಮ್ಮ ಮೇಜಿನ ಮೇಲಿರುವ ಆ ಎರಡು ಚೂರು. ಫೋಟೊ ನೋಡಿದೆ. ಕೈ ಮುರಿದದ್ದಲ್ಲ, ಬೇಕೆಂದೇ ಕತ್ತರಿಸಿದ ಅಂಚು. ಚಿಲ್ಲರೆಗಾಗಿ ಪೆನ್ನಿಯನ್ನು ಶಿಲುಬೆಯ ಗೆರೆಗುಂಟ ಅರ್ಧಕ್ಕೆ, ಕಾಲಿಗೆ ಕತ್ತರಿಸುವುದು ಹತ್ತರಿಂದ ಹದಿಮೂರನೇ ಶತಮಾನದವರೆಗೆ ಸಾಮಾನ್ಯವಾಗಿತ್ತು. ಆದ್ದರಿಂದ ಇವು ಆಫಾನ ಕಾಲದವು ಎಂಬ ಆಸೆ ಇಟ್ಟುಕೊಳ್ಳಬೇಡಿ, ಹೆಚ್ಚಾಗಿ ನಂತರದವೇ ಇರಬೇಕು. ಆದರೆ ಹತ್ತನೇ ಶತಮಾನದ ಕೊನೆಯಿಂದಾಚೆಗಿನ ನಾಣ್ಯಗಳ ಹಿಂಬದಿಯಲ್ಲಿ ಹೊಡೆದವನ ಹೆಸರಿನ ಜೊತೆ ಕಮ್ಮಟದ ಊರಿನ ಹೆಸರೂ ಇರುತ್ತದೆ. ಟ್ಯಾಮ್‌ವರ್ತ್, ಸ್ಟಾಫರ್ಡ್‌ಗಳಲ್ಲೂ ಕಮ್ಮಟವಿತ್ತು. ಹುಣಸೆಹುಳಿ ತಿನ್ನುವುದು ಈ ಅಕ್ಷರಗಳನ್ನೇ. ಪೂಜೆಯ ತಂಬಿಗೆ ಹೊಳೆಯಬೇಕು, ನಿಜ. ಹಳೆಯ ನಾಣ್ಯದ ಕಪ್ಪು ಮಾತ್ರ ಅದರ ಚರ್ಮ. ನನ್ನ ಬಳಿ ಒಮ್ಮೆ ಒಬ್ಬರು ಸೇರುಗಟ್ಟಲೆ ನಾಣ್ಯಗಳನ್ನು ಫಳಫಳ ಹೊಳೆಯುವಂತೆ ತಿಕ್ಕಿ ತಂದಿದ್ದರು. ಯಾವ ಹೊಲ ಎಂದು ಕೇಳಿದರೆ ಅವರಿಗೂ ಮರೆತಿತ್ತು. ತೂಕದ ಬೆಳ್ಳಿ ಬಿಟ್ಟು ಅವುಗಳಲ್ಲಿ ಓದಲು ಹೆಚ್ಚೇನೂ ಉಳಿದಿರಲಿಲ್ಲ. ಆ ಸಂಜೆ ಮನೆಗೆ ಹೋಗಿ ಊಟ ಸೇರಲಿಲ್ಲ.

ಕಾನೂನಿನ ಮಾತು. ಇಂಗ್ಲೆಂಡಿನ 1996ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯದಾದ, ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಚಿನ್ನ ಅಥವಾ ಬೆಳ್ಳಿಯಿರುವ ನಾಣ್ಯಗಳು ಒಂದೇ ಶೋಧದಲ್ಲಿ ಎರಡು ಅಥವಾ ಹೆಚ್ಚು ಸಿಕ್ಕರೆ ಅದು ನಿಧಿ. ಒಂದೇ ನಾಣ್ಯವಾದರೆ ಸಾಮಾನ್ಯವಾಗಿ ನಿಧಿಯಲ್ಲ. ನಿಮ್ಮ ಮಗನಿಗೆ ಸಿಕ್ಕಿರುವುದು ಎರಡು. ನಾಲ್ಕು ಹೆಜ್ಜೆ ಅಂತರದ ಎರಡು ಚೂರು ‘ಒಂದೇ ಶೋಧ’ವೇ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ಸಿಕ್ಕ ದಿನದಿಂದ, ಅಥವಾ ಇದು ನಿಧಿಯಿರಬಹುದು ಎಂದು ತಿಳಿದ ದಿನದಿಂದ, ಹದಿನಾಲ್ಕು ದಿನದೊಳಗೆ ಆ ಜಿಲ್ಲೆಯ ಕೊರೋನರ್‌ಗೆ, ಅಂದರೆ ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ, ತಿಳಿಸಬೇಕು. ತಿಳಿಸದಿದ್ದರೆ ಮೂರು ತಿಂಗಳವರೆಗೆ ಸೆರೆ ಅಥವಾ ದಂಡ, ಎರಡೂ ಆಗಬಹುದು. ನಡೆಯಲ್ಲಿ ಇದು ಸುಲಭ. ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯಡಿ ಪ್ರತಿ ಪ್ರದೇಶಕ್ಕೂ ಶೋಧ ಸಂಪರ್ಕಾಧಿಕಾರಿ ಇರುತ್ತಾರೆ. ಅವರಿಗೆ ಬರೆದರೆ ಮುಂದಿನದನ್ನು ಅವರೇ ನಡೆಸಿಕೊಡುತ್ತಾರೆ. ಸಂಗ್ರಹಾಲಯಕ್ಕೆ ಬೇಡವಾದರೆ ವಸ್ತು ಮರಳಿ ಬರುತ್ತದೆ. ಬೇಕಾದರೆ ಬೆಲೆ ಕಟ್ಟಿ ಕೊಡುವ ಹಣವನ್ನು ಸಾಮಾನ್ಯವಾಗಿ ಸಿಕ್ಕವರಿಗೂ ಹೊಲದೊಡೆಯರಿಗೂ ಸಮಪಾಲು ಮಾಡುತ್ತಾರೆ. ನಿಮ್ಮ ಪಕ್ಕದ ಹ್ಯಾಮರ್‌ವಿಚ್ ಹೊಲದಲ್ಲಿ 2009ರ ಜುಲೈನಲ್ಲಿ ಸಿಕ್ಕ ನಾಲ್ಕು ಕಿಲೋ ಚಿನ್ನಕ್ಕೂ, ಅದರ ಜೊತೆಗಿದ್ದ ಬೆಳ್ಳಿಗೂ ಸೇರಿ ಕಟ್ಟಿದ 32.85 ಲಕ್ಷ ಪೌಂಡ್ ಹೀಗೇ ಹಂಚಿಕೆಯಾಯಿತು.

ನೆರೆಯವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಆದರೆ ಸುಮ್ಮನಿದ್ದರೆ ಅಪಾಯ ನಿಮ್ಮ ತಲೆಯ ಮೇಲೆ. ಅವರಿಗೆ ರೈತರ ಬಾಯಿಮಾತಿನ ಒಪ್ಪಿಗೆ ಮಾತ್ರ ಇದ್ದರೆ ಮುಂದಿನ ಸಲಕ್ಕೆ ಬರಹದಲ್ಲಿ ಪಡೆಯಲಿ. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಅನುಮತಿಯಿಲ್ಲದೆ ಆ ಯಂತ್ರ ಆಡಿಸುವುದೇ ಅಪರಾಧ. ನಿಧಿಯಲ್ಲ ಎಂದು ತೀರ್ಮಾನವಾದರೂ ಹೊಲದಲ್ಲಿ ಸಿಕ್ಕ ವಸ್ತು ಮೊದಲಿಗೆ ಹೊಲದೊಡೆಯರದು, ಅವರನ್ನು ಕೇಳದೆ ಇಟ್ಟುಕೊಳ್ಳುವ ಹಾಗಿಲ್ಲ.

ನಿಮ್ಮ ಯಜಮಾನರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಬ್ರಿಟನ್ನಿನ ನೆಲದಿಂದ ಬಂದ 50 ವರ್ಷಕ್ಕಿಂತ ಹಳೆಯ ಪುರಾವಸ್ತುವನ್ನು ದೇಶದ ಹೊರಗೆ ಒಯ್ಯಲು, ಅದರ ಬೆಲೆ ಎಷ್ಟೇ ಕಡಿಮೆಯಿರಲಿ, ರಫ್ತು ಪರವಾನಗಿ ಬೇಕು. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಮಾತು ಬೇಡವೇ ಬೇಡ. ಆನ್‌ಲೈನಿನಲ್ಲಿ ಮಾರುವ ಯೋಚನೆ ಬಂದಿದ್ದರೆ ಅದನ್ನೂ ಬಿಟ್ಟುಬಿಡಿ.

ಅತ್ತೆಯವರಿಗೆ ಹೀಗೆ ಹೇಳಿ. ನಮ್ಮ ದಾನಶಾಸನಗಳು ಭೂಮಿಯ ಹಕ್ಕುಗಳನ್ನು ಎಣಿಸುವಾಗ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂದೇ ಶುರುಮಾಡುತ್ತವೆ. ನೆಲದೊಳಗಿನದಕ್ಕೂ ಒಬ್ಬ ಒಡೆಯನಿರುತ್ತಾನೆ ಎಂಬುದು ನಮ್ಮ ಹಿರಿಯರಿಗೂ ಗೊತ್ತಿತ್ತು. ನಿಧಿಯ ಭಯ ಹುಟ್ಟಿದ್ದು, ಬೇರೆಯವರದನ್ನು ಮುಚ್ಚಿಟ್ಟುಕೊಳ್ಳುವ ಭಯದಿಂದ ಎಂದು ನಾನು ತಿಳಿದಿದ್ದೇನೆ. ತೋರಿಸಬೇಕಾದವರಿಗೆ ತೋರಿಸಿದ ಮೇಲೆ ಆ ಭಯಕ್ಕೆ ಜಾಗವಿಲ್ಲ. ಮತ್ತೆ ಹುಗಿದರೆ ದೋಷ ಕಳೆಯುವುದಿಲ್ಲ, ಬರುವ ವರ್ಷದ ನೇಗಿಲಿಗೆ ಅದು ಇನ್ನಷ್ಟು ಚೂರಾಗುತ್ತದೆ.

ಈಗ ಮಾಡಬೇಕಾದದ್ದು: ಎರಡು ಚೂರನ್ನೂ ಬೇರೆ ಬೇರೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹತ್ತಿಯಲ್ಲಿ ಒತ್ತಬೇಡಿ. ತಿಕ್ಕಿದ್ದು ಯಾವುದು ಎಂದು ಚೀಟಿ ಬರೆಯಿರಿ, ಅಧಿಕಾರಿಯಿಂದ ಅದನ್ನು ಮುಚ್ಚಿಡಬೇಡಿ, ಅವರು ಬೈಯುವುದಿಲ್ಲ. ಮಗನನ್ನು ಮತ್ತೆ ಆ ಹೊಲಕ್ಕೆ ಕರೆದುಕೊಂಡು ಹೋಗಿ, ಸಿಕ್ಕ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಸ್ಥಳ ಗುರುತು ಹಾಕಿಸಿ. ಬೇಲಿಯಿಂದ ಎಷ್ಟು ಹೆಜ್ಜೆ, ಎಷ್ಟು ಆಳ, ಅವನ ಕೈಯಲ್ಲೇ ಬರೆಸಿ. ಲಿಚ್‌ಫೀಲ್ಡ್ ಕೆಥೆಡ್ರಲ್ಲಿನಲ್ಲಿ 2003ರಲ್ಲಿ ನೆಲದಡಿ ಸಿಕ್ಕ ದೇವದೂತನ ಕಲ್ಲಿದೆ, ಅದರ ಮೇಲೆ ಎಂಟನೇ ಶತಮಾನದ ಬಣ್ಣ ಇನ್ನೂ ಅಂಟಿಕೊಂಡಿದೆ. ಒಂದು ಭಾನುವಾರ ಅದನ್ನೂ ತೋರಿಸಿ.

ಅಧಿಕಾರಿಯ ವರದಿ ಬಂದಾಗ ನಾಣ್ಯದ ಹಿಂಬದಿಯಲ್ಲಿ ಹೊಡೆದವನ ಹೆಸರು ಎಷ್ಟು ಅಕ್ಷರ ಓದಲು ಸಿಕ್ಕಿತು, ಊರು ಯಾವುದು ಎಂದು ನನಗೂ ಬರೆಯಿರಿ.